ಆನೆ ನುಗ್ಗದ ಬಾಗಿಲು

ಅವಳನ್ನು ಈಗ ಬಸ್ಸಿನವರು ಟವೆಲ್ ಅಕ್ಕ ಎನ್ನುತ್ತಾರೆ. ಮೊದಲು ಬೆಣ್ಣೆಯ ಹೆಂಡತಿ ಎನ್ನುತ್ತಿದ್ದರು. ಬೆಣ್ಣೆ ಎಂದರೆ ಅವಳ ಗಂಡ, ಬಸ್ಸಿನ ಡ್ರೈವರ್. ಅವನು ಬ್ರೇಕ್ ಹಾಕಿದರೆ ಲೋಟದ ನೀರು ಅಲುಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಮನೆಗೆ ಬಂದರೆ ಮಾತ್ರ ಬಾಗಿಲನ್ನು ಧಡಾರನೆ ಹಾಕುತ್ತಿದ್ದ. "ಬೆಣ್ಣೆ ಎಲ್ಲಾ ಬಸ್ಸಲ್ಲೇ ಖರ್ಚಾಯ್ತಾ?" ಎಂದು ಅವಳು ಬೈಯುತ್ತಿದ್ದಳು. "ನಿನಗೆ ಸ್ವಲ್ಪ ಉಳಿಸಿದೀನಿ, ಬಾ" ಎನ್ನುತ್ತಿದ್ದ.

ಅವನು ಸತ್ತದ್ದು ಕೆಲಸದ ಮೇಲೆ. ಕುಡಿದು ಸತ್ತ ಎಂದರು. ಅದು ಸುಳ್ಳು.

ಆ ಬಸ್ಸು ಹಳೇ ರಾಜಧಾನಿಗಳನ್ನು ತೋರಿಸುವ ಬಸ್ಸು. ಕೋಟೆ, ಅರಮನೆ, ಗೋರಿ, ಮೆಟ್ಟಿಲ ಬಾವಿ. ಹತ್ತುವವರು ದೊಡ್ಡ ದುಡ್ಡಿನವರು, ಆದರೆ ನಮ್ಮ ಮಾತಿನವರೇ. ಅವರನ್ನು ಪ್ರಯಾಣಿಕರು ಎನ್ನುವಂತಿಲ್ಲ, ಗೆಸ್ಟ್ ಎನ್ನಬೇಕು. ಸೀಟು ಹಾಸಿಗೆಯ ಹಾಗೆ ಮಲಗುತ್ತದೆ. ಹಿಂದುಗಡೆ ಫ್ರಿಜ್ಜು, ಗಾಜಿನ ಲೋಟಗಳ ಕಪಾಟು, ಬಣ್ಣಬಣ್ಣದ ಬಾಟಲಿ. ಗೆಸ್ಟುಗಳು ಕೋಟೆ ಇಳಿದು ಬಂದರೆ ಬಾಗಿಲಲ್ಲೇ ತಣ್ಣನೆಯ ಟವೆಲ್ ಸುತ್ತಿ ಕೊಡಬೇಕು. ಅವರು ಮುಖ ಒರೆಸಿ, ರಾಜರ ಕಾಲದ ಧೂಳನ್ನು ಅದಕ್ಕೆ ಹತ್ತಿಸಿ, ತಟ್ಟೆಗೆ ಎಸೆಯುತ್ತಾರೆ. ಬಟ್ಟೆ ಬಿಸಾಡುವಾಗ ತಟ್ಟೆ ಹಿಡಿದವರು ಯಾರೆಂದು ದೊಡ್ಡವರೂ ನೋಡುವುದಿಲ್ಲ, ಸಣ್ಣವರೂ ನೋಡುವುದಿಲ್ಲ.

ದಾರಿಯಲ್ಲಿ ಒಂದು ಕೋಟೆ ಬರುತ್ತದೆ. ಅದರ ಬಾಗಿಲಿಗೆ ಒಂದು ತಿರುವಿದೆ. ಹಿಂದಿನವರು ಬೇಕೆಂದೇ ಹಾಗೆ ಕಟ್ಟಿದ್ದು. ಶತ್ರುವಿನ ಆನೆ ಓಡಿಬಂದು ಕದಕ್ಕೆ ಗುದ್ದಬಾರದು. ತಿರುವಿನಲ್ಲಿ ಆನೆಗೆ ಓಟ ಸಿಗುವುದಿಲ್ಲ. ಆನೆ ನುಗ್ಗದ ಕಡೆ ಕಂಪನಿಯವರು ಬಸ್ಸು ನುಗ್ಗಿಸಿದರು. ಗೆಸ್ಟುಗಳು ಬಿಸಿಲಲ್ಲಿ ನಡೆಯಬಾರದಲ್ಲ. ಒಳಗೆ ಹೋಗುವುದು ಹೇಗೋ ಆಗುತ್ತದೆ. ಒಳಗೆ ಬಸ್ಸು ತಿರುಗಿಸಲು ಜಾಗವಿಲ್ಲ. ಹೊರಗೆ ಬರಲು ರಿವರ್ಸೇ ಗತಿ. ಹಿಂದಿನ ಕ್ಯಾಮೆರಾ ಆ ಕಮಾನಿನ ಕತ್ತಲಲ್ಲಿ ಬರೀ ಕಪ್ಪು ತೋರಿಸುತ್ತದೆ.

ಹಾಗಾಗಿ ಡ್ರೈವರುಗಳು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಒಬ್ಬ ಸ್ಟೇರಿಂಗ್ ಹಿಡಿದರೆ ಇನ್ನೊಬ್ಬ ಇಳಿದು ಹಿಂದೆ ನಿಲ್ಲಬೇಕು. ಅವನು ಬಸ್ಸಿನ ಮೈಗೆ ಎರಡು ಏಟು ಹೊಡೆದರೆ ಬಸ್ಸು ಒಂದಿಷ್ಟು ಹಿಂದಕ್ಕೆ. ನಿಲ್ಲು. ನೋಡು. ಮತ್ತೆ ಎರಡು ಏಟು, ಮತ್ತೊಂದಿಷ್ಟು. ಏಟು ಬೀಳದೆ ಚಕ್ರ ಉರುಳಬಾರದು. ಹಿಂದೆ ನಿಂತವನನ್ನು ಬಿಟ್ಟು ಬೇರೆ ಯಾರೂ ಹೊಡೆಯಬಾರದು.

ಅವತ್ತು ಸ್ಟೇರಿಂಗಿನಲ್ಲಿ ಇದ್ದವನು ಮೀಸೆ. ಬೆಣ್ಣೆಯ ಜೊತೆ ಡ್ರೈವರ್, ಅಣ್ಣತಮ್ಮನ ಹಾಗೆ ಇದ್ದವನು. ಬೆಣ್ಣೆ ಹಿಂದೆ ಬಗ್ಗಿ ಚಕ್ರಕ್ಕೆ ಸಿಕ್ಕಿದ ಕಲ್ಲು ತೆಗೆಯುತ್ತಿದ್ದ. ಎರಡು ಏಟು ಬಿತ್ತು. ಮೀಸೆ ಬಸ್ಸನ್ನು ಹಿಂದಕ್ಕೆ ಬಿಟ್ಟ.

ಅಷ್ಟೇ.

ಬಸ್ಸಿನ ಗೈಡ್ ಪೊಲೀಸರಿಗೆ ಹೇಳಿದ: "ಅವನೇ ಹೊಡೆದ ಸಾರ್. ಹೊಡೆದು, ತೂರಾಡಿ ಚಕ್ರದಡಿಗೆ ಬಿದ್ದ. ಬೆಳಗ್ಗೆಯಿಂದ ಕುಡಿದಿದ್ದ." ಪೊಲೀಸರು ಬಗ್ಗಿ ಅಂಗಿ ಮೂಸಿದರು. ವಾಸನೆ ಇತ್ತು. ದೊಡ್ಡವರಿದ್ದ ಬಸ್ಸು, ಬೇಗ ಬೇಗ ಮುಗಿಸಿದರು.

ಹೆಣ ಮನೆಗೆ ಬಂದಾಗ ಬಾಯಿ ಅರ್ಧ ತೆರೆದಿತ್ತು. ಅವಳೇ ಕೈಯಿಂದ ಮುಚ್ಚಿದಳು. ಮುಖಕ್ಕೆ ಮುಖ ಇಟ್ಟು ಮೂಸಿದಳು. ಬಾಯಲ್ಲಿ ವಾಸನೆ ಇರಲಿಲ್ಲ. ಅಂಗಿಯಲ್ಲಿತ್ತು. ಅದೂ ಬೆನ್ನಿನಲ್ಲಿ. ಅವಳು ಆಗ ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ದೊಡ್ಡವರ ಮೇಜಿನ ಬಟ್ಟೆಗೆ ಚೆಲ್ಲಿ ಬರುವ ಹಣ್ಣಿನಂಥ ವಾಸನೆ ಅದು. ಅವನ ಸಂಬಳದವರು ಕುಡಿಯುವಂಥದ್ದಲ್ಲ.

ಅತ್ತೆ ಮೂಲೆಯಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. "ನನ್ನ ಮಗ ಕುಡೀತಿದ್ನೇನೇ? ನನ್ನಿಂದ ಮುಚ್ಚಿಟ್ಟಿದ್ಯೇನೇ?"

"ಕುಡೀತಿರಲಿಲ್ಲ ಅತ್ತೆ."

"ಮತ್ತೆ ಎಲ್ಲರೂ ಹೇಳ್ತಿದಾರಲ್ಲೇ!"

"ಕುಡಿಯೋನು ಬೆನ್ನಿಗೆ ಸುರ್ಕೋತಾನಾ ಅತ್ತೆ?"

ಅತ್ತೆಗೆ ಅದು ಕಿವಿಗೆ ಹೋಗಲಿಲ್ಲ. ಹೆತ್ತ ತಾಯಿಯೇ ನಂಬಿಬಿಟ್ಟಳು. ಮಗಳು ಶಾಲೆಗೆ ಹೋದರೆ ಹಿಂದಿನ ಬೆಂಚಿನವರು ತೂರಾಡುತ್ತಾ ನಡೆದು ತೋರಿಸಿದರು. ಮಗು ಮನೆಗೆ ಬಂದು ಚೀಲ ಎಸೆದು, "ಅಪ್ಪ ಹಂಗೆ ನಡೀತಿದ್ನಾ ಅಮ್ಮ?" ಎಂದು ಕೇಳಿತು. ಅವಳು ಆ ಚೀಲ ಎತ್ತಿ ಮೊಳೆಗೆ ಹಾಕಿದಳು. ಒಲೆ ಹಚ್ಚಿದಳು. ಸಾವು ಒಂದು ಸಲ ಕೊಂದಿತು. ಈ ಮಾತು ದಿನಾ ಕೊಲ್ಲುತ್ತಿತ್ತು.

ಸ್ವಲ್ಪ ದಿನ ಬಿಟ್ಟು ಮೀಸೆ ಬಂದ. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ಕುಕ್ಕರುಗಾಲಲ್ಲಿ ಕೂತು ನೆಲ ಕೆರೆಯುತ್ತಿದ್ದ. ಹೆಸರಿಗೆ ಕಾರಣವಾದ ಮೀಸೆಯನ್ನೇ ಬೋಳಿಸಿದ್ದ. ಮುಖ ಬೇರೆಯವರದ್ದಾಗಿತ್ತು.

"ಅಕ್ಕಾ, ನಿನಗೊಂದು ಹೇಳ್ಬೇಕು. ನಾನು ಹೇಳಿದೆ ಅಂತ ಹೇಳ್ಬೇಡ."

"ಹೇಳು."

"ಅಣ್ಣ ಹೊಡೆದ್ರೆ ದಬ್ ದಬ್ ಅಂತಿತ್ತು. ಅಂಗೈ. ಅವತ್ತು ಠಣ್ ಠಣ್ ಅಂತು. ಉಂಗುರದ ಕೈ."

"ಯಾರ ಕೈಯಲ್ಲಿ ಉಂಗುರ ಇದೆ?"

"ನಿನಗೆ ಗೊತ್ತಲ್ಲ ಅಕ್ಕ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಅಣ್ಣನ ಮೇಲೆ ಹತ್ತಿದ್ದು ನಾನು ಬಿಟ್ಟ ಬಸ್ಸು. ಒಳಗೆ ಹಾಕ್ತಾರೆ ಅಂತ ಭಯ ಆಯ್ತು. ನನಗೂ ಹೆಂಡ್ರು ಮಕ್ಕಳಿದಾರೆ."

"ನನಗೂ ಗಂಡ ಇದ್ದ" ಎಂದಳು. ಮೀಸೆ ಎದ್ದು ಹೋದ. ಬಿಕ್ಕುತ್ತಿದ್ದದ್ದು ಬೀದಿಯ ಕೊನೆಯವರೆಗೂ ಕೇಳಿತು. ಅವಳು ಹಿಂದೆ ಹೋಗಲಿಲ್ಲ.

ಉಂಗುರ ಇದ್ದದ್ದು ಗೈಡಿನ ಕೈಯಲ್ಲಿ. ಅವನಿಗೆ ಡ್ರೈವರುಗಳು ಸೇನಾಪತಿ ಎಂದು ಹೆಸರಿಟ್ಟಿದ್ದರು. ತನ್ನ ಮುತ್ತಜ್ಜನ ಮುತ್ತಜ್ಜ ಈ ಕೋಟೆಯ ಸೇನಾಪತಿಯಾಗಿದ್ದ, ಈ ಉಂಗುರ ಅವನದ್ದೇ ಎಂದು ಪ್ರತಿ ಗೆಸ್ಟಿಗೂ ಹೇಳುತ್ತಿದ್ದ. ಮುಂದಿನ ಊರಿಗೆ ಹೋದರೆ ಅದೇ ಮುತ್ತಜ್ಜ ಆ ಅರಮನೆಯ ಖಜಾನೆ ಕಾಯುತ್ತಿದ್ದ. "ಅವನ ಮುತ್ತಜ್ಜ ನಮ್ಮ ಬಸ್ಸಿಗಿಂತ ಜಾಸ್ತಿ ಓಡಾಡಿದಾನೆ" ಎಂದು ಬೆಣ್ಣೆ ಮನೆಯಲ್ಲಿ ಹೇಳಿ ನಗುತ್ತಿದ್ದ. ಅವಳೂ ನಕ್ಕಿದ್ದಳು. ಆಗ ಸುಳ್ಳು ತಮಾಷೆಯಾಗಿತ್ತು.

ಅವಳು ಮಾಲೀಕನ ಆಫೀಸಿಗೆ ಹೋದಳು. ಗಾಜಿನ ಕೋಣೆ, ಗೋಡೆ ತುಂಬ ಗೋಪುರಗಳ ಫೋಟೋ. ಸೇನಾಪತಿಯೂ ಅಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳನ್ನು ನೋಡಿ ಕಾಲು ಇಳಿಸಿದ.

"ಏನಮ್ಮ, ಏನಾದ್ರೂ ಬೇಕಿತ್ತಾ?" ಎಂದ ಮಾಲೀಕ.

"ಕೆಲಸ. ಬಸ್ಸಲ್ಲಿ."

"ಬಸ್ಸಲ್ಲೇ ಯಾಕಮ್ಮ? ಮನಸ್ಸಿಗೆ ಕಷ್ಟ ಆಗಲ್ವಾ?"

"ಟವೆಲ್ ಒಗೆಯೋದು, ಸುತ್ತೋದು ಬರುತ್ತೆ. ಗೆಸ್ಟುಗಳ ಮುಂದೆ ಬಾಯಿ ಬಿಡಲ್ಲ."

ಬಾಯಿ ಬಿಡದವರು ಮಾಲೀಕನಿಗೆ ಬೇಕಿತ್ತು. ಸತ್ತವನ ಹೆಂಡತಿಗೆ ಕೆಲಸ ಕೊಟ್ಟೆ ಎಂದು ನಾಲ್ಕು ಜನರಿಗೆ ಹೇಳಿಕೊಳ್ಳುವುದಕ್ಕೂ ಆಯಿತು. ಸೇನಾಪತಿಗೆ ಇಷ್ಟವಿರಲಿಲ್ಲ. ಆದರೆ ಬೇಡ ಎನ್ನಲು ಕಾರಣ ಬೇಕಲ್ಲ. ಇದ್ದ ಕಾರಣ ಹೇಳುವಂಥದ್ದಲ್ಲ.

ಆ ಸಾವಿನ ಮೇಲೆ ಪದ್ಧತಿ ಬದಲಾಗಿತ್ತು. ರಿವರ್ಸ್ ಬಿಡುವ ಮೊದಲು ಗೆಸ್ಟುಗಳನ್ನು ಇಳಿಸಿ ಬಾಗಿಲಿನ ಆಚೆ ನಿಲ್ಲಿಸಬೇಕು. ಒಬ್ಬ ಹಿಂದೆ ನಿಂತು ದಾರಿ ನೋಡಬೇಕು. ಏಟು ಹೊಡೆಯುವುದು ಅವನಲ್ಲ, ಅವನೂ ಬಸ್ಸೂ ಎರಡೂ ಕಾಣುವ ಹಾಗೆ ಪಕ್ಕದಲ್ಲಿ ನಿಂತ ಟವೆಲಿನವರು. ಬೇರೆ ಯಾರೂ ಬಸ್ಸಿನ ಮೈ ಮುಟ್ಟುವಂತಿಲ್ಲ.

ಹೀಗೆ ಆ ಏಟು ಅವಳ ಕೈಗೆ ಬಂತು.

ಮೊದಮೊದಲು ಸೇನಾಪತಿ ಅವಳ ಕಣ್ಣು ತಪ್ಪಿಸುತ್ತಿದ್ದ. ಅವಳು ಕೊಟ್ಟ ನೀರನ್ನು ಕುಡಿಯುತ್ತಿರಲಿಲ್ಲ. ಅವಳು ಒಂದು ಮಾತೂ ಆಡಲಿಲ್ಲ. ಟವೆಲ್ ಕೊಟ್ಟಳು, ತಟ್ಟೆ ಎತ್ತಿದಳು. ಬರಬರುತ್ತಾ ಅವನಿಗೆ ಧೈರ್ಯ ಬಂತು. ಆಮೇಲೆ ಸದರ ಬಂತು. "ಅಮ್ಮಾ, ನನಗೂ ಒಂದು ಟವೆಲ್" ಎಂದು ಕೈ ಚಾಚತೊಡಗಿದ. ಅವಳು ಕೊಟ್ಟಳು. ಅವನ ಕತ್ತು ನೋಡುತ್ತಾ ಕೊಟ್ಟಳು. ಕೊಯ್ಯಬೇಕೆನ್ನುವ ಕೈಗೆ ಟವೆಲ್ ಹಿಡಿಸುವುದು ಕಷ್ಟ. ಅವಳು ಹಿಡಿಸಿದಳು.

ಒಂದು ಊರಲ್ಲಿ ಬಿಳಿ ಕಲ್ಲಿನ ಗೋರಿ ಇದೆ. ರಾಜನೊಬ್ಬ ಸತ್ತ ಹೆಂಡತಿಗೆ ಕಟ್ಟಿಸಿದ್ದು. ಅಲ್ಲಿ ಸೇನಾಪತಿ ಧ್ವನಿ ಸಣ್ಣ ಮಾಡಿ, "ಪ್ರೀತಿಸಿದವರು ಹೋದ ಮೇಲೆ ಉಳಿದವರ ಗತಿ ಏನು?" ಎಂದು ಕೇಳಿ ಒಂದು ಗಳಿಗೆ ನಿಲ್ಲುತ್ತಿದ್ದ. ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವಳ ಟವೆಲಿನಲ್ಲೇ ಒರೆಸಿಕೊಳ್ಳುತ್ತಿದ್ದರು. ಉಳಿದವಳು ತಟ್ಟೆ ಹಿಡಿದು ಅವನ ಹಿಂದೆಯೇ ನಿಂತಿದ್ದಳು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ನೆನಪಾಗಿದ್ದರೆ ನಿಲ್ಲುವ ಜಾಗದಲ್ಲಿ ಅವನು ಎಡವುತ್ತಿದ್ದ. ಎಡವಲಿಲ್ಲ. ಅವನಿಗೆ ನೆನಪೇ ಇರಲಿಲ್ಲ.

ಅವತ್ತು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ನಿಜ ಇವನ ಬಾಯಿಂದಲೇ ಬರಬೇಕು. ನಾಲ್ಕು ಜನರ ಮುಂದೆ ಬರಬೇಕು. ಬರದಿದ್ದರೆ ಇವನೂ ಆ ಬಾಗಿಲು ದಾಟಬಾರದು.

ಬೇಸಿಗೆ ಶುರುವಾದಾಗ ಆ ದಿನ ಬಂತು. ಬೆಣ್ಣೆಯ ಜಾಗಕ್ಕೆ ಬಂದ ಹೊಸ ಡ್ರೈವರ್ ಹುಡುಗ ಜ್ವರ ಬಂದು ಹೋಟೆಲಿನಲ್ಲಿ ಮಲಗಿದ್ದ. ಆ ಕೋಟೆಯೊಳಗೆ ಬಸ್ಸಿನ ಹಿಂದೆ ನಿಲ್ಲಲು ಯಾರೂ ಇರಲಿಲ್ಲ. ಮೀಸೆ ಸೇನಾಪತಿಯನ್ನು ನೋಡಿದ.

"ನಾನಾ? ಬೂಟು ನೋಡು, ಹೊಸದು" ಎಂದ ಸೇನಾಪತಿ.

"ನಿಮ್ಮ ಮುತ್ತಜ್ಜ ಇಲ್ಲೇ ಯುದ್ಧ ಮಾಡಿದ್ರಂತಲ್ಲ ಸಾರ್. ನಿಂತ್ಕೊಳ್ಳೋಕ್ಕಾಗಲ್ವಾ?"

ಹತ್ತಿರವಿದ್ದ ಗೆಸ್ಟುಗಳು ನಕ್ಕರು. ಸೇನಾಪತಿಗೆ ಬೇರೆ ದಾರಿ ಇರಲಿಲ್ಲ. ಗೆಸ್ಟುಗಳನ್ನು ಬಾಗಿಲಿನ ಆಚೆ ನಿಲ್ಲಿಸಿ ಒಳಗೆ ಬಂದ. ಅವರು ಬಸ್ಸು ಹೊರಬರುವ ಚಂದ ತೆಗೆಯಲು ಫೋನು ಎತ್ತಿ ಹಿಡಿದರು.

ಹಿಂದೆ ನಿಲ್ಲುವುದಕ್ಕೂ ಒಂದು ಕ್ರಮ ಇದೆ. ಗೋಡೆ ಬಿಟ್ಟು, ತಪ್ಪಿಸಿಕೊಳ್ಳುವ ದಾರಿ ಪಕ್ಕದಲ್ಲಿಟ್ಟುಕೊಂಡು ನಿಲ್ಲಬೇಕು. ಡ್ರೈವರುಗಳಿಗೆ ಅದು ಕಾಲಿಗೇ ಗೊತ್ತು. ಸೇನಾಪತಿಗೆ ಗೊತ್ತಿರಲಿಲ್ಲ. ಅವನು ತಂಪು ಹುಡುಕಿಕೊಂಡು ತಿರುವಿನ ಮೂಲೆಗೆ ಹೋಗಿ ನಿಂತ. ಕೈಯಲ್ಲಿ ಫೋನು. ಅವನಿಗೆ ಕಮಿಷನ್ ಕೊಡುವ, ಮುಂದಿನ ಊರಿನ ಕಲ್ಲಿನ ಸಾಮಾನಿನ ಅಂಗಡಿಯವನ ಜೊತೆ ಮಾತು. ಗೆಸ್ಟುಗಳನ್ನು ಎಷ್ಟು ಹೊತ್ತಿಗೆ ಕರೆತರುತ್ತೀರಿ ಎಂದು ಅವನು ಕೇಳುತ್ತಿದ್ದ.

ಅವಳು ಎರಡು ಏಟು ಹೊಡೆದಳು. ಬಸ್ಸು ಹಿಂದಕ್ಕೆ ಬಂತು, ನಿಂತಿತು. ಮತ್ತೆ ಎರಡು. ಮತ್ತೆ ಬಂದು ನಿಂತಿತು. ಈಗ ಬಸ್ಸಿನ ಹಿಂಭಾಗ ಸೇನಾಪತಿಯ ಎದೆಯಿಂದ ಒಂದು ಮೊಳದಷ್ಟು ದೂರ. ಬೆನ್ನಿಗೆ ಗೋಡೆ. ಎಡಕ್ಕೆ ಮೂಲೆ. ಬಲಕ್ಕೆ ಒಂದು ಸಂದಿ, ಅದರಲ್ಲಿ ಅವಳು. ಅವನು ಇನ್ನೂ ಫೋನಿನಲ್ಲೇ ಇದ್ದ.

ಅವಳು ಹೊಡೆದುಬಿಡಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ತಪ್ಪಾದ ಕಡೆ ನಿಂತಿದ್ದ ಎನ್ನುತ್ತಿದ್ದರು.  ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆತ್ತಿದಳು.

"ಸೇನಾಪತೀ" ಎಂದಳು.

ಆ ಹೆಸರನ್ನು ಯಾರೂ ಮುಖದ ಮುಂದೆ ಕರೆದಿರಲಿಲ್ಲ. ಅವನು ತಲೆ ಎತ್ತಿದ. ಬಸ್ಸು ಕಂಡಿತು. ಕೈ ಕಂಡಿತು.

"ಏಯ್, ತಾಳಮ್ಮಾ. ಸ್ವಲ್ಪ ತಾಳು. ಬರ್ತೀನಿ ಈಚೆ."

"ಅಲ್ಲೇ ನಿಲ್ಲು. ಅವತ್ತು ಹೊಡೆದ ಕೈ ಯಾರದ್ದು?"

"ಯಾವತ್ತು? ಏನು ಮಾತಾಡ್ತಿದ್ಯಾ?"

"ಕೇಳಿಸ್ಲಿಲ್ವಾ? ಯಾರ ಕೈ?"

"ಅವನೇ! ನಿನ್ನ ಗಂಡನೇ!"

ಅವಳು ಹೊಡೆದಳು. ದಬ್.

ಒಂದು ಏಟು ಬಿದ್ದಿತ್ತು. ಇನ್ನೊಂದು ಬಾಕಿ ಇತ್ತು. ಬಸ್ಸಿನ ಒಡಲು ಗುರ್ ಎಂದಿತು. ಮೀಸೆಯ ಕಾಲು ಕಾಯುತ್ತಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಅವನು ಅವಳನ್ನು ತಳ್ಳಿ ಬರಬಹುದಿತ್ತು. ಆದರೆ ಅವಳ ಕೈ ಅವನಿಗಿಂತ ಬಸ್ಸಿಗೆ ಹತ್ತಿರವಿತ್ತು.

ಫೋನು ನೆಲಕ್ಕೆ ಬಿತ್ತು. "ಬೇಡಮ್ಮಾ... ನಿನ್ನ ಕಾಲಿಗೆ ಬೀಳ್ತೀನಿ..."

"ಬೀಳೋಕೂ ಜಾಗ ಇಲ್ಲ ಅಲ್ಲಿ. ಹೇಳು."

"ನಾನೇ. ನಾನೇ ಹೊಡೆದೆ."

"ಆಚೆ ನಿಂತವರಿಗೆ ಕೇಳಿಸ್ಲಿಲ್ಲ."

"ನಾನೇ ಹೊಡೆದದ್ದು!" ಅವನು ಕಿರುಚಿದ. ಕಮಾನು ಅದನ್ನು ಎತ್ತಿ ಹೊರಗೆ ಹಾಕಿತು. "ಅಂಗಡಿಯವನು ಫೋನ್ ಮೇಲೆ ಫೋನ್ ಮಾಡ್ತಿದ್ದ, ಲೇಟಾಗ್ತಿತ್ತು. ಅವನು ಬಗ್ಗಿದ್ದ, ನಾನು ನೋಡ್ಲಿಲ್ಲ!"

"ಕುಡಿದಿದ್ನಾ?"

"ಇಲ್ಲ."

"ಮತ್ತೆ ಆ ವಾಸನೆ?"

ಅವನು ಅಳುತ್ತಿದ್ದ. ಮೂಗು ಬಾಯಿ ಒಂದಾಗಿತ್ತು. "ಗೆಸ್ಟುಗಳ ಬಾಟಲಿ. ನಾನೇ ಸುರಿದೆ. ಅವನು ಮಕಾಡೆ ಬಿದ್ದಿದ್ದ. ಬೆನ್ನಿಗೆ ಸುರಿದೆ."

"ಆಗ ಉಸಿರಿತ್ತಾ?"

ಅವನು ಗೋಡೆ ಕಡೆ ಮುಖ ತಿರುಗಿಸಿದ.

"ಸುರಿಯೋವಾಗ ಉಸಿರಿತ್ತಾ ಅಂತ ಕೇಳ್ದೆ."

"ಇತ್ತು" ಎಂದ. ಅದು ಪಿಸುಮಾತು. ಆದರೂ ಕಮಾನು ಅದನ್ನೂ ಎಲ್ಲರಿಗೂ ಕೇಳಿಸಿತು.

ಇದನ್ನು ಅವಳು ಎಣಿಸಿರಲಿಲ್ಲ. ಎಲ್ಲ ಗೊತ್ತಿದೆ ಎಂದುಕೊಂಡಿದ್ದಳು, ಇದು ಗೊತ್ತಿರಲಿಲ್ಲ. ಬೆಣ್ಣೆ ಉಸಿರಾಡುತ್ತಾ ಬಿದ್ದಿದ್ದಾನೆ, ಇವನು ನೀರು ಕೊಡುವ ಬದಲು ಬಾಟಲಿ ಬಿರಡೆ ತೆಗೆಯುತ್ತಿದ್ದಾನೆ. ಕೈ ತನ್ನಷ್ಟಕ್ಕೆ ಹಿಂದಕ್ಕೆ ಹೋಯಿತು. ಹೊಡೆಯುವುದಕ್ಕೇ ಹೋಯಿತು.

ಕೈ ಹಿಡಿದವನು ಮೀಸೆ. ಒಂದೇ ಏಟು ಬಿದ್ದದ್ದಕ್ಕೆ ಬ್ರೇಕ್ ಬಿಗಿಮಾಡಿ ಇಳಿದು ಬಂದಿದ್ದ. ಅವನಿಗೂ ಎಲ್ಲ ಕೇಳಿಸಿತ್ತು.

"ಬಿಡೋ" ಎಂದಳು.

"ಬೇಡ ಅಕ್ಕಾ. ಇವನಿಗೋಸ್ಕರ ನೀನು ಒಳಗೆ ಹೋಗ್ಬೇಡ. ನಾನು ಹೇಳ್ತೀನಿ. ಈಗ ಎಲ್ಲರ ಮುಂದೆ ಹೇಳ್ತೀನಿ."

"ಈಗ ಹೇಳ್ತಾನಂತೆ, ಗಂಡಸು" ಎಂದು ಅವಳು ಕೈ ಕೊಸರಿಕೊಂಡಳು. ಸಂದಿ ಬಿಟ್ಟು ಈಚೆ ಬಂದಳು. ಸೇನಾಪತಿ ಗೋಡೆಗೆ ಅಂಟಿಕೊಂಡೇ ಇದ್ದ.  ಮೀಸೆ ಅವನನ್ನು ಕಂಕುಳಿಗೆ ಕೈ ಹಾಕಿ ಎಳೆದು ತಂದ. ಗೆಸ್ಟುಗಳ ಫೋನು ಇನ್ನೂ ಮೇಲೇ ಇತ್ತು.

ಸುದ್ದಿ ತಿಳಿದು ಮಾಲೀಕ ಅವಳ ಮನೆಗೇ ಬಂದ. ಕಾರು ಬೀದಿಗೆ ಹಿಡಿಸಲಿಲ್ಲ, ನಡೆದು ಬಂದ. ಅತ್ತೆ ಕೂತಿದ್ದ ಚಾಪೆಯ ತುದಿಯಲ್ಲಿ ಕೂತ.

"ಅವನನ್ನ ಕೆಲಸದಿಂದ ತೆಗೆದು ಹಾಕ್ತೀನಮ್ಮ. ಪೊಲೀಸು ಗಿಲೀಸು ಅಂತ ಹೋಗ್ಬೇಡ. ಬಸ್ಸು ಕೋಟೆ ಒಳಗೆ ಬಿಡೋ ಪರ್ಮಿಷನ್ನೇ ಹೋಗುತ್ತೆ."

"ಪೊಲೀಸಿನವರು ಒಂದ್ಸಲ ಬಂದು ಮೂಸಿ ಹೋದ್ರು. ಅವರ ಮೂಗು ನನಗೆ ಬೇಡ" ಎಂದಳು. "ಅವನನ್ನ ತೆಗೀಬೇಡಿ."

ಮಾಲೀಕನಿಗೆ ತಪ್ಪು ಕೇಳಿಸಿತೇನೋ ಎನಿಸಿತು.

"ಅವನು ಅದೇ ಬಸ್ಸಲ್ಲಿ ಇರ್ಲಿ. ನಾನೂ ಇರ್ತೀನಿ. ಆ ಬಾಗಿಲಿಗೆ ಹೋದಾಗ ಮುತ್ತಜ್ಜನ ಕಥೆ ಬೇಡ. ನನ್ನ ಗಂಡನ ವಿಷಯ ಹೇಳ್ಲಿ. ಯಾರು ಹೊಡೆದ್ರು, ಯಾರು ಸುರಿದ್ರು, ಎಲ್ಲಾ. ಪ್ರತಿ ಸಲ. ಒಂದ್ಸಲ ತಪ್ಪಿದ್ರೂ ನಾನೂ ಮೀಸೆನೂ ಗೆಸ್ಟುಗಳು ಕೊಟ್ಟ ಫೋನಿನ ಚಿತ್ರ ಹಿಡ್ಕೊಂಡು ಹೋಗೋ ಕಡೆ ಹೋಗ್ತೀವಿ."

"ಗೆಸ್ಟುಗಳ ಮುಂದೆ ಅದನ್ನೆಲ್ಲಾ ಹೇಳೋಕ್ಕಾಗತ್ತೇನಮ್ಮ?"

"ರಾಜ ಅಣ್ಣನ ಕಣ್ಣು ಕಿತ್ತಿದ್ದು ಹೇಳ್ತೀರಿ. ರಾಣಿಗೆ ವಿಷ ಹಾಕಿದ್ದು ಹೇಳ್ತೀರಿ. ಡ್ರೈವರ್ ಸತ್ತಿದ್ದು ಹೇಳೋಕೆ ನಾಚಿಕೆನಾ?"

ಮಾಲೀಕ ಯೋಚಿಸಿದ. ಖರ್ಚಿಲ್ಲದ ಶಿಕ್ಷೆ. ಒಪ್ಪಿದ. ಜೈಲಿಗಿಂತ ಇದು ಮೇಲು ಎಂದು ಸೇನಾಪತಿಯೂ ಒಪ್ಪಿದ. ಮೇಲಲ್ಲ ಎಂದು ಅವನಿಗೆ ಆಮೇಲೆ ತಿಳಿಯಿತು.

ಮಾಲೀಕ ಎದ್ದು ಹೋದ ಮೇಲೆ ಅತ್ತೆ ಚಾಪೆಯ ಆ ತುದಿಯನ್ನು ಕೊಡವಿದಳು. "ನಾನು ಹೆತ್ತವಳು. ನಾನೇ ನಂಬ್ಲಿಲ್ವಲ್ಲೇ" ಎಂದಳು.

"ಇಲ್ಲ ಅತ್ತೆ, ನಂಬ್ಲಿಲ್ಲ" ಎಂದಳು ಸೊಸೆ.  ಅತ್ತೆಯ ತಲೆ ತನ್ನ ತೊಡೆಯ ಮೇಲೆ ಬಿದ್ದಾಗ ಮಾತ್ರ ಅದನ್ನು ಸರಿಸಲಿಲ್ಲ.

ಮೊದಲ ಸಲ ಸೇನಾಪತಿಗೆ ಮಾತು ಹೊರಡಲಿಲ್ಲ. "ಇಲ್ಲಿ... ಒಬ್ಬ ಡ್ರೈವರ್..." ಎಂದು ನಿಂತ. ಅವಳು ತಟ್ಟೆ ಹಿಡಿದು ಎದುರಿಗೇ ನಿಂತಳು. ನೀರು ಕುಡಿದ, ಮತ್ತೆ ಶುರು ಮಾಡಿದ. "ಉಸಿರಿತ್ತು" ಎಂಬಲ್ಲಿ ಗೋಡೆ ಹಿಡಿದುಕೊಂಡ. ಗೆಸ್ಟುಗಳು ಮುಖ ಮುಖ ನೋಡಿಕೊಂಡರು. ಅವತ್ತು ಅವನು ಊಟ ಮಾಡಲಿಲ್ಲ. ಅವಳು ಹೊಟ್ಟೆ ತುಂಬ ಉಂಡಳು. ಗಂಡ ಸತ್ತ ಮೇಲೆ ಮೊದಲ ಸಲ ಅನ್ನ ರುಚಿಸಿತು.

ಹೀಗೇ ನಡೆಯಿತು. ಆದರೆ ಬಾಯಿ ಮಾರಿ ಬದುಕುವವನು ಎಷ್ಟು ದಿನ ತೊದಲುತ್ತಾನೆ? ಮಳೆಗಾಲ ಕಳೆಯುವಷ್ಟರಲ್ಲಿ ಮಾತು ನುಣ್ಣಗಾಯಿತು. ಎಲ್ಲಿ ಧ್ವನಿ ಇಳಿಸಬೇಕು, ಎಲ್ಲಿ ಗೋಡೆ ಮುಟ್ಟಬೇಕು ಎಂದು ಕಂಡುಕೊಂಡ. ಒಂದು ದಿನ "ಆಗ ಅವನಿಗೆ..." ಎಂದು ಹೇಳಿ, ಬಿಳಿ ಗೋರಿಯ ಮುಂದೆ ನಿಲ್ಲುತ್ತಿದ್ದ ಹಾಗೆ ಒಂದು ಗಳಿಗೆ ನಿಂತು, "ಉಸಿರಿತ್ತು" ಎಂದ. ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ಇನ್ನೊಬ್ಬಳು ಅವನ ಭುಜ ತಟ್ಟಿ, "ಪಾಪ, ನಿಮಗೆ ಎಷ್ಟು ನೋವಾಗಿರಬೇಡ" ಎಂದಳು. ಅವನು ತಲೆ ಬಗ್ಗಿಸಿದ. ಚೆನ್ನಾಗಿಯೇ ಬಗ್ಗಿಸಿದ.

ಅವಳು ಎಲ್ಲರಿಗೂ ಟವೆಲ್ ಕೊಟ್ಟಳು. ಗೆಸ್ಟುಗಳು ಬಸ್ಸು ಹತ್ತಿದರು. ಅವನೂ ಮೆಟ್ಟಿಲಿಗೆ ಕಾಲಿಟ್ಟ. ಅವಳು ಅಡ್ಡ ನಿಂತಳು.

"ಇವತ್ತು ಚೆನ್ನಾಗಿ ಹೇಳಿದೆ."

ಅವನು ಮೆಟ್ಟಿಲಿಂದ ಕಾಲು ಇಳಿಸಿದ. "ನೀನು ಹೇಳಿದ್ದನ್ನೇ ಹೇಳ್ತಿದೀನಲ್ಲಮ್ಮಾ. ಒಂದಕ್ಷರ ಬಿಟ್ಟಿಲ್ಲ."

"ಚೆನ್ನಾಗಿ ಹೇಳ್ಬೇಡ. ನನ್ನ ಗಂಡನ್ನ ನಿನ್ನ ಮುತ್ತಜ್ಜ ಮಾಡ್ಬೇಡ."

"ದಿನಾ ಹೇಳಿದ್ರೆ ಬಾಯಿಗೆ ಬಂದುಬಿಡುತ್ತೆ. ನಾನೇನು ಮಾಡ್ಲಿ?"

"ನಾಳೆಯಿಂದ ಅವರಿಗೆ ಹೇಳ್ಬೇಡ. ಅವರು ಕೇಳ್ಲಿ, ಬಿಡ್ಲಿ. ನನ್ನ ಮುಖ ನೋಡಿ ಹೇಳು. ಕಣ್ಣು ಕೀಳ್ದೆ ಹೇಳು."

ಸೇನಾಪತಿ ಅವಳ ಮುಖ ನೋಡಿದ. ನೋಡಲು ಆಗಲಿಲ್ಲ. ಬಸ್ಸಿನ ಮೆಟ್ಟಿಲು ನೋಡಿದ.

"ನಾಳೆ ಯಾಕೆ, ಈಗ್ಲೇ ಹೇಳು" ಎಂದಳು. "ಗೆಸ್ಟುಗಳು ಕಾಯ್ಲಿ. ಶುರು ಮಾಡು."